ಮನೆಗೆ ಒಗ್ಗುವ ನಾಯಿ

2024ರ ಏಪ್ರಿಲ್ ಕೊನೆಯ ವಾರ, ಬೆಂಗಳೂರಿನ ಬಿಸಿಲು 38 ಡಿಗ್ರಿ ದಾಟಿದ ದಿನಗಳು. ಅಪಾರ್ಟ್‌ಮೆಂಟ್ ಸಂಘದ ಕಾಗದವೊಂದಕ್ಕೆ ಸಹಿ ಹಾಕಿಸಿಕೊಳ್ಳಲು ಆರನೇ ಮಹಡಿಯ ಮನೆಯೊಂದರ ಬೆಲ್ ಒತ್ತಿದೆ. ಬಾಗಿಲು ತೆರೆದ ಅಜ್ಜಿ, "ಬನ್ನಿ, ಅದು ಏನೂ ಮಾಡಲ್ಲ, ಬಚ್ಚಲಲ್ಲಿ ಮಲಗಿದೆ" ಎಂದರು. ಬಚ್ಚಲುಮನೆಯ ಒದ್ದೆ ಟೈಲ್ಸಿನ ಮೇಲೆ ಎರಡು ವರ್ಷದ ಹಸ್ಕಿಯೊಂದು ನಾಲ್ಕೂ ಕಾಲು ಚಾಚಿಕೊಂಡು, ಹೊಟ್ಟೆಯನ್ನು ನೆಲಕ್ಕೊತ್ತಿ ಬಿದ್ದಿತ್ತು. ನಾಲಿಗೆ ಒಂದು ಗೇಣು ಹೊರಗೆ. ಪಕ್ಕದಲ್ಲಿ ಬಕೆಟ್ಟು, ಅದರೊಳಗೊಂದು ಚೊಂಬು. ಗಂಟೆಗೊಮ್ಮೆ ಅಜ್ಜಿ ಬಂದು ಬೆನ್ನ ಮೇಲೆ ನೀರು ಹೊಯ್ಯುತ್ತಿದ್ದರು. ನೀರು ಮೇಲಿನ ಕೂದಲಿನ ಮೇಲೆ ಜಾರಿ ಹೋಗುತ್ತಿತ್ತೇ ಹೊರತು ಒಳಗಿನ ದಟ್ಟ ತುಪ್ಪಳಕ್ಕೆ ಇಳಿಯುತ್ತಿರಲಿಲ್ಲ. ಮಗ, ಸೊಸೆ ಬೆಳಿಗ್ಗೆ ಹೋದರೆ ಬರುವುದು ರಾತ್ರಿ ಎಂಟಕ್ಕೆ. "ಕೆಳಗೆ ಕರ್ಕೊಂಡು ಹೋಗೋಕೆ ನನ್ನ ಕೈಲಾಗಲ್ಲಪ್ಪ. ಒಂದ್ಸಲ ಎಳೆದ ರಭಸಕ್ಕೆ ಲಿಫ್ಟಿನ ಹತ್ರ ಬಿದ್ದೇಬಿಟ್ಟೆ" ಎಂದು ಮೊಣಕೈ ತೋರಿಸಿದರು.

ಆ ಮನೆಯಲ್ಲಿ ನಾಯಿಗೆ ಯಾರೂ ಹೊಡೆಯುತ್ತಿರಲಿಲ್ಲ. ಹೊಟ್ಟೆಗೆ ಕಡಿಮೆ ಮಾಡುತ್ತಿರಲಿಲ್ಲ. ಲಸಿಕೆ, ಡಾಕ್ಟರು, ಬೇಸಿಗೆಗೆಂದು ಹಾಕಿಸಿದ ಎ.ಸಿ., ಯಾವುದಕ್ಕೂ ಹಿಂದೆಮುಂದೆ ನೋಡಿದವರಲ್ಲ. ಪ್ರೀತಿ ತುಂಬಿದ ಮನೆಯಲ್ಲೇ ಒಂದು ಜೀವ ಹೀಗೆ ಬಳಲುತ್ತಿತ್ತಲ್ಲ ಎಂಬುದು ನನ್ನನ್ನು ಬಹಳ ದಿನ ಕಾಡಿತು. ತಪ್ಪು ನಡೆದದ್ದು ಸಾಕುವುದರಲ್ಲಲ್ಲ, ಆರಿಸುವುದರಲ್ಲಿ. ನೀಲಿ ಕಣ್ಣಿನ, ತೋಳದ ಮುಖದ ಮರಿಯ ಫೋಟೊ ನೋಡಿ ಮನಸೋತ ಹೊತ್ತಿನಲ್ಲಿ ಆ ಮನೆಯವರು ತಮ್ಮ ಮನೆಯನ್ನು ನೋಡಿಕೊಳ್ಳಲಿಲ್ಲ.

ನಾಯಿಯ ವಿಷಯಕ್ಕೆ ನಮ್ಮ ಬಾಯಲ್ಲಿ ಇರುವುದು ಎರಡೇ ಮಾತು: ಜಾತಿ ನಾಯಿ, ಕಂತ್ರಿ ನಾಯಿ. ಇಂಗ್ಲಿಷಿನ ಕಂಟ್ರಿಯೇ ಕಂತ್ರಿಯಾಯಿತು ಎನ್ನುತ್ತಾರೆ. ಈ ಊರಿನದು ಎಂಬಷ್ಟೇ ಅರ್ಥವಿದ್ದ ಮಾತು ಇವತ್ತು ಬೈಗುಳ. ಇನ್ನು ಜಾತಿ ಎಂಬ ಮಾತು ಎಲ್ಲಿ ಕಾಲಿಟ್ಟರೂ ಮೇಲುಕೀಳನ್ನು ಹೊತ್ತುಕೊಂಡೇ ಬರುತ್ತದೆ. ಬೆಳಗಿನ ವಾಕಿಂಗಿನಲ್ಲಿ ಎದುರಾದವರು "ಯಾವ ಜಾತಿ?" ಎಂದು ಕೇಳುವ ದನಿಯಲ್ಲೇ ಅದು ಇರುತ್ತದೆ. ಆದರೆ ಇದೇ ಕನ್ನಡದಲ್ಲಿ ರೈತನ ಬಾಯಲ್ಲಿ ಇನ್ನೊಂದು ಮಾತಿದೆ: ತಳಿ. ರಾಗಿಯ ತಳಿ, ಕುರಿಯ ತಳಿ, ದನದ ತಳಿ. ತಳಿ ಎಂದ ಕೂಡಲೇ ಹಿಂದೆಯೇ ಬರುವ ಪ್ರಶ್ನೆ, "ನಮ್ಮ ಹೊಲಕ್ಕೆ ಒಗ್ಗುತ್ತದಾ?" ಎಷ್ಟು ನೀರು ಬೇಕು, ಎಷ್ಟು ದಿನದ ಬೆಳೆ, ನಮ್ಮ ಮಣ್ಣು ಯಾವುದು? ಹಳ್ಳಿಕಾರ್ ಎತ್ತು ಕಟ್ಟುವವನಿಗೆ ಅದು ಉಳುಮೆಗೆ, ಗಾಡಿಗೆ ಬಂದ ತಳಿ, ಹಾಲು ಕರೆಯುವುದಕ್ಕಲ್ಲ ಎಂದು ಗೊತ್ತು. ಎಚ್ಚೆಫ್ ಹಸು ತಂದವನು ಹಾಲಿನ ಲೆಕ್ಕದ ಜೊತೆಗೇ ಕೊಟ್ಟಿಗೆಯ ನೆರಳು, ಫ್ಯಾನು, ಹಸಿಮೇವಿನ ಲೆಕ್ಕವನ್ನೂ ಹಾಕುತ್ತಾನೆ. ಓದಿದ, ಸಂಬಳದ, ನಗರದ ನಾವು ಹತ್ತು ಹದಿನೈದು ವರ್ಷ ಜೊತೆಗಿರುವ ಜೀವವನ್ನು ಮನೆ ತುಂಬಿಸಿಕೊಳ್ಳುವಾಗ ಈ ಒಂದು ಪ್ರಶ್ನೆ ಕೇಳುವುದನ್ನು ಮರೆಯುತ್ತೇವೆ.

ನಾಯಿಯ ತಳಿಯೆಂದರೆ ಒಂದು ಕಸುಬು. ಇವತ್ತು ನಾವು ಅಂದಕ್ಕೆಂದು ಮೆಚ್ಚುವ ಬಹುಪಾಲು ಗುಣಗಳು ಯಾರದೋ ಹೊಟ್ಟೆಪಾಡಿನ ಕೆಲಸಕ್ಕಾಗಿ ತಲೆಮಾರುಗಟ್ಟಲೆ ಆರಿಸಿ ಆರಿಸಿ ಉಳಿಸಿಕೊಂಡವು. ಹಸ್ಕಿಯನ್ನು ರೂಪಿಸಿದವರು ಸೈಬೀರಿಯಾದ ಚುಕ್ಚಿ ಜನ. ಹಿಮದ ಮೇಲೆ ಹಗುರವಾದ ಗಾಡಿಯನ್ನು ದಿನವಿಡೀ ದಣಿಯದೆ ಎಳೆಯುವುದು ಅದರ ಕೆಲಸ. 1925ರ ಚಳಿಗಾಲದಲ್ಲಿ ಅಲಾಸ್ಕಾದ ನೋಮ್ ಪಟ್ಟಣಕ್ಕೆ ಗಂಟಲಮಾರಿ ಬಡಿದಾಗ, ಸುಮಾರು 1,085 ಕಿಲೋಮೀಟರು ದೂರಕ್ಕೆ ಮದ್ದನ್ನು ಕೈಯಿಂದ ಕೈಗೆ ದಾಟಿಸುತ್ತಾ ಐದೂವರೆ ದಿನದಲ್ಲಿ ಮುಟ್ಟಿಸಿದ್ದು ಇಂಥ ನಾಯಿಗಳೇ. ಟೋಗೊ, ಬಾಲ್ಟೊ ಎಂಬ ಹೆಸರುಗಳು ಅಂದಿನಿಂದ ಲೋಕಕ್ಕೆಲ್ಲ ಗೊತ್ತು. ಆ ರಕ್ತವೇ ನಮ್ಮ ಆರನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲ ಬಳಿ ಅಜ್ಜಿಯನ್ನು ಎಳೆದು ಬೀಳಿಸಿದ್ದು. ಎಳೆಯುವುದಕ್ಕೆಂದೇ ಹುಟ್ಟಿದ್ದು ಎಳೆದರೆ ಅದನ್ನು ಹಟಮಾರಿ ಎನ್ನಬಹುದೇ?

ಬೀಗಲ್ ಮೊಲದ ಜಾಡಿನ ವಾಸನೆ ಹಿಡಿದು ಕೂಗುತ್ತಾ ಓಡುವ ನಾಯಿ. ಹಿಂದೆ ಬರುವ ಬೇಟೆಗಾರನಿಗೆ ಕೇಳಿಸಲೆಂದೇ ಆ ದೊಡ್ಡ ಗಂಟಲು. ಗೋಡೆಗೆ ಗೋಡೆ ಅಂಟಿದ ಫ್ಲ್ಯಾಟಿನಲ್ಲಿ ಅದೇ ಗಂಟಲು ನೆರೆಯವರ ದೂರಾಗುತ್ತದೆ. ಡ್ಯಾಶ್‌ಹಂಡ್‌ನ ಗಿಡ್ಡ ಕಾಲು ಜರ್ಮನಿಯಲ್ಲಿ ಬ್ಯಾಡ್ಜರ್ ಎಂಬ ಪ್ರಾಣಿಯ ಬಿಲಕ್ಕೆ ನುಗ್ಗಲೆಂದು ಬಂದದ್ದು. ಹಾಗಾಗಿ ಕುಂಡದ ಮಣ್ಣು ಕೆದರಿದ್ದಕ್ಕೆ ಬೈದು ಪ್ರಯೋಜನವಿಲ್ಲ. ಉದ್ದ ಬೆನ್ನಿಗೆ ಮೆಟ್ಟಿಲು, ಸೋಫಾ ಹತ್ತಿಳಿಯುವುದು ಅಪಾಯ ಎಂಬುದನ್ನೂ ತರುವ ಮೊದಲೇ ತಿಳಿದಿರಬೇಕು. ಜರ್ಮನ್ ಶೆಫರ್ಡ್ 1899ರಲ್ಲಿ ಒಂದು ತಳಿಯೆಂದು ನೆಲೆನಿಂತದ್ದು ಕುರಿ ಕಾಯುವ ನಾಯಿಗಳಿಂದ. ದಿನವಿಡೀ ಒಂದು ಜವಾಬ್ದಾರಿ ಬಯಸುವ ನಾಯಿ ಅದು. ಕೆಲಸ ಕೊಡದಿದ್ದರೆ ತಾನೇ ಒಂದನ್ನು ಹುಡುಕಿಕೊಳ್ಳುತ್ತದೆ. ಗೇಟಿನ ಬಳಿ ಬರುವ ಕೊರಿಯರ್ ಹುಡುಗನನ್ನು ತಡೆಯುವುದೂ ಅದಕ್ಕೆ ಒಂದು ಕೆಲಸವೇ.

ಲ್ಯಾಬ್ರಡಾರ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. "ಯಾವುದಕ್ಕೂ ಲ್ಯಾಬ್ ತಂದುಬಿಡಿ, ಸಾಧು" ಎಂಬುದು ನಮ್ಮಲ್ಲಿ ಎಲ್ಲರೂ ಎಲ್ಲರಿಗೂ ಕೊಡುವ ಸಲಹೆ. ಸಾಧುವೇನೋ ಹೌದು. ಇದರ ಮೂಲ ನ್ಯೂಫೌಂಡ್‌ಲ್ಯಾಂಡಿನ ಬೆಸ್ತರ ಬಲೆ ಎಳೆಯುತ್ತಿದ್ದ ನೀರುನಾಯಿಗಳು; ಮುಂದೆ ಬ್ರಿಟನ್ನಿನಲ್ಲಿ ಗುಂಡೇಟಿಗೆ ಬಿದ್ದ ಹಕ್ಕಿಯನ್ನು ಕಚ್ಚದೆ ಬಾಯಲ್ಲಿ ಹೊತ್ತು ತರುವ ಕೆಲಸ ಕಲಿತವು. ಬಾಯಿ ಮೃದು, ಮನುಷ್ಯರ ಮಾತಿಗೆ ಕಿವಿ. ಆದರೆ ಮೈಗೆ ದಿನವಿಡೀ ತಣ್ಣೀರಿನಲ್ಲಿ ಈಜುವ ಕಸುವು, ಆ ಕಸುವಿಗೆ ತಕ್ಕ ಹಸಿವು. 2016ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಒಂದು ಸಂಗತಿ ಕಂಡುಕೊಂಡರು: ಸುಮಾರು ನಾಲ್ಕು ಲ್ಯಾಬ್ರಡಾರ್‌ಗಳಲ್ಲಿ ಒಂದಕ್ಕೆ ಹಸಿವನ್ನು ಹತೋಟಿಯಲ್ಲಿಡುವ ವಂಶವಾಹಿಯಲ್ಲೇ ಒಂದು ತುಣುಕು ಇಲ್ಲ. ಉಂಡೆದ್ದು ತುಸು ಹೊತ್ತಾದರೆ ಮತ್ತೆ ಹಸಿವು. ಇದನ್ನು ನಮ್ಮ ಮನೆಯ ಪಕ್ಕದಲ್ಲಿಟ್ಟು ನೋಡಿ. ಬೆಳಿಗ್ಗೆ ಅಜ್ಜನ ಕಾಫಿಯ ಜೊತೆ ಎರಡು ರಸ್ಕು, ಮಕ್ಕಳ ತಟ್ಟೆಯಿಂದ ಅರ್ಧ ದೋಸೆ, ಮಧ್ಯಾಹ್ನ ಅನ್ನ ಮೊಸರು, ಸಂಜೆ ಟಿ.ವಿ. ಮುಂದೆ ಕುಳಿತವರೆಲ್ಲರ ಕೈಯಿಂದ ಒಂದೊಂದು ಮಾರಿ ಬಿಸ್ಕತ್ತು. "ಪಾಪ, ಹೇಗೆ ನೋಡ್ತಿದೆ ನೋಡಿ!" ಎನ್ನದ ಮನೆಯಿಲ್ಲ. ಓಡಾಟ ಎಂದರೆ ಅಪಾರ್ಟ್‌ಮೆಂಟಿನ ಸುತ್ತ ಹತ್ತು ನಿಮಿಷ. ಐದು ವರ್ಷಕ್ಕೆ ನಲವತ್ತೈದು ಕಿಲೋ. ಆಮೇಲೆ ಹಿಂಗಾಲಿನ ಕೀಲು ಸೋಲುತ್ತದೆ. ಕೇಳಿದವರಿಗೆಲ್ಲ ಕೊಡುವ ಕೈಯಿರುವ, ನಡೆಸುವ ಕಾಲಿಲ್ಲದ ಮನೆಗೆ ಲ್ಯಾಬ್ರಡಾರ್ ಕೂಡ ಒಗ್ಗುವ ನಾಯಿಯಲ್ಲ ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಪಗ್ ವಿಷಯ ಇನ್ನೂ ನೋವಿನದು. 2003ರ ಸುಮಾರಿಗೆ ಹಚ್ ಮೊಬೈಲ್ ಜಾಹೀರಾತಿನಲ್ಲಿ ಪುಟ್ಟ ಹುಡುಗನ ಹಿಂದೆ ಹಿಂದೆ ನಡೆದ ಪಗ್ ದೇಶದ ಮನಸ್ಸನ್ನೇ ಗೆದ್ದಿತು. ಆಮೇಲೆ ಪಗ್ ಮರಿಗಳಿಗೆ ಎಲ್ಲೆಡೆ ಬೇಡಿಕೆ. ನಾಯಿಗೆ ಮೈಯೆಲ್ಲ ಬೆವರಿ ತಣಿಯುವ ದಾರಿಯಿಲ್ಲ. ಏದುಸಿರು ಬಿಟ್ಟು, ಮೂಗು, ಬಾಯಿ, ನಾಲಿಗೆಯ ತೇವ ಆರಿಸಿಕೊಂಡು ಮೈಯ ಕಾವು ಇಳಿಸಿಕೊಳ್ಳಬೇಕು. ಅಂದಕ್ಕೆಂದು ಮೂತಿಯನ್ನೇ ಚಪ್ಪಟೆ ಮಾಡಿದರೆ ಆ ದಾರಿ ಅರ್ಧ ಮುಚ್ಚಿದಂತೆ. ಪಗ್ ಗೊರಕೆ ಹೊಡೆಯುವುದನ್ನು ಮುದ್ದು ಎಂದು ವಿಡಿಯೊ ಮಾಡುತ್ತೇವೆ. ಅದು ಉಸಿರಿಗೆ ಒದ್ದಾಡುವ ಸದ್ದು. ಬಳ್ಳಾರಿ, ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಈ ಮೂತಿಯ ನಾಯಿಯನ್ನು ಸಾಕುವುದು ಸರಿಯೆಂದು ನನಗೆ ಯಾರೂ ಒಪ್ಪಿಸಲಾರರು.

ಇಷ್ಟು ಹೇಳಿದ ಕೂಡಲೇ ಒಂದು ಉತ್ತರ ಸಿದ್ಧವಾಗಿ ಬರುತ್ತದೆ: "ಹಾಗಾದರೆ ನಮ್ಮ ಮುಧೋಳ ನಾಯಿ ತಂದರಾಯಿತು." ಮುಧೋಳದ ಮೇಲೆ ನನಗೂ ಅಷ್ಟೇ ಅಭಿಮಾನ. ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆ ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಕಾಣಿಕೆಯಾಗಿ ಕೊಟ್ಟ ನಾಯಿ ಅದು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು. 2016ರಲ್ಲಿ ಭಾರತೀಯ ಸೇನೆ ತರಬೇತಿಗೆಂದು ಮೀರತ್‌ಗೆ ಒಯ್ದಿತು. ಮುಧೋಳದ ಬಳಿ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ್ದೇ ಒಂದು ಶ್ವಾನ ಸಂಶೋಧನಾ ಕೇಂದ್ರವಿದೆ. ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ ಮೈ: ಕೂದಲು ಸಣ್ಣ, ಚರ್ಮ ತೆಳು, ಎದೆ ಆಳ, ಸೊಂಟ ಮುಷ್ಟಿಯಷ್ಟು. ಆದರೆ ಹವೆಗೆ ಒಗ್ಗುವುದು ಬೇರೆ, ಮನೆಗೆ ಒಗ್ಗುವುದು ಬೇರೆ. ಮುಧೋಳ ನಾಯಿ ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯಾಡುವುದು. ದೂರದಲ್ಲಿ ಏನೋ ಮಿಸುಕಿದರೆ ಸಾಕು, ಕಾಲು ಓಡಿರುತ್ತದೆ, ಕರೆದ ಕೂಗು ಕಿವಿಗೆ ಬೀಳುವುದು ಆಮೇಲೆ. ಬಯಲುಸೀಮೆಯ ಎರೆಹೊಲದಲ್ಲಿ ಮೊಲದ ಹಿಂದೆ ಬಿಟ್ಟರೆ ಕಣ್ಣು ತುಂಬುವ ಓಟ. ಹೊರವರ್ತುಲ ರಸ್ತೆಯ ಪಕ್ಕ ಬೆಕ್ಕಿನ ಹಿಂದೆ ಬಿಟ್ಟರೆ ಲಾರಿಯ ಗಾಲಿಯ ಕೆಳಗೆ. ಹೊರಗಿನವರು ಮೈ ಮುಟ್ಟುವುದೂ ಅದಕ್ಕೆ ಅಷ್ಟಾಗಿ ಹಿಡಿಸದು. ದಿನಕ್ಕೆ ಹತ್ತು ಮಂದಿ ಬಂದು ಹೋಗುವ ಮನೆ, ಲಿಫ್ಟಿನಲ್ಲಿ ತಲೆ ಸವರುವ ಮಕ್ಕಳು, ಇವೆಲ್ಲ ಅದರ ಪಾಲಿಗೆ ಕಷ್ಟ. ಊರ ಹೊರಗೆ ಬೇಲಿ ಹಾಕಿದ ಎರಡು ಎಕರೆ ತೋಟ, ದಿನವೂ ಜೊತೆಗೆ ಓಡಾಡುವ ಒಬ್ಬ ಒಡೆಯ ಇದ್ದರೆ ಅಂಥವರು ಮುಧೋಳವನ್ನೇ ಸಾಕಲಿ. ಎರಡು ಕೋಣೆಯ ಫ್ಲ್ಯಾಟಿಗೆ ನಾಡಿನ ಅಭಿಮಾನದ ಹೆಸರಿನಲ್ಲಿ ತಂದರೆ ಹಸ್ಕಿಗೆ ಮಾಡಿದ ಅನ್ಯಾಯವನ್ನೇ ಕನ್ನಡದಲ್ಲಿ ಮಾಡಿದಂತಾಗುತ್ತದೆ.

ನಾಯಿಯನ್ನು ಅರಿತು ಆರಿಸುವುದು ನಮ್ಮ ನೆಲಕ್ಕೆ ಹೊಸದಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲಿದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ್ದು, ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ಇಮ್ಮಡಿ ಬೂತುಗ, ಬೇಕಾದ್ದನ್ನು ಕೇಳು ಎಂದನಂತೆ. ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆಮೇಲೆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಹೋರಾಡಿ ಸತ್ತವು. ಆ ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲಿನ ಮೇಲೆ ನಾಯಿ, ಹಂದಿ ಸೆಣಸುತ್ತಿರುವುದನ್ನು ಇವತ್ತಿಗೂ ನೋಡಬಹುದು. ನಾನು ಆ ಕಲ್ಲಿನ ಮುಂದೆ ನಿಂತಾಗಲೆಲ್ಲ ಯೋಚಿಸುವುದು ಮಣಲೆರನ ಆಯ್ಕೆಯ ಬಗ್ಗೆ. ತಾನು ಯಾರು, ತನ್ನ ದಿನ ಎಲ್ಲಿ ಕಳೆಯುತ್ತದೆ, ಆ ದಿನಕ್ಕೆ ಯಾವ ಜೊತೆ ಬೇಕು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ತೇಜಸ್ವಿಯವರ 'ಕರ್ವಾಲೊ' ಕಾದಂಬರಿ ಓದಿ ಅದರಲ್ಲಿ ಬರುವ ಕಿವಿ ಎಂಬ ನಾಯಿಯಂಥದ್ದೇ ಬೇಕೆಂದು ಆಸೆಪಟ್ಟ ನನ್ನ ಓರಗೆಯವರು ಎಷ್ಟೋ ಜನ. ಕಿವಿಗೆ ಸುತ್ತಲು ಮೂಡಿಗೆರೆಯ ಕಾಡಿತ್ತು, ಜೊತೆಗೆ ಸುತ್ತುವ ಒಡೆಯನಿದ್ದ ಎಂಬುದು ನಮಗೆ ಹೊಳೆಯಲು ಕಾಲ ಬೇಕಾಯಿತು.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅಮೆರಿಕದ ವಿಜ್ಞಾನಿಗಳ ಅಧ್ಯಯನವೊಂದು ಬಂತು. 18 ಸಾವಿರಕ್ಕೂ ಹೆಚ್ಚು ನಾಯಿಗಳ ನಡವಳಿಕೆಯ ವಿವರವನ್ನು ಅವುಗಳ ಮನೆಯವರಿಂದ ಪಡೆದು, 2 ಸಾವಿರಕ್ಕೂ ಹೆಚ್ಚು ನಾಯಿಗಳ ವಂಶವಾಹಿಯನ್ನು ಓದಿ ಅವರು ಹೇಳಿದ್ದು: ನಾಯಿಯಿಂದ ನಾಯಿಗೆ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯ ಪಾಲು ಶೇ. 9ರಷ್ಟು ಮಾತ್ರ. ಹಾಗಾದರೆ ತಳಿ ಕಸುಬು ಎಂದ ನನ್ನ ಮಾತು ಬಿದ್ದುಹೋಯಿತೇ? ಇಲ್ಲ, ಆದರೆ ತನ್ನ ಎಲ್ಲೆ ತಿಳಿದುಕೊಂಡಿತು. ಮೈಯ ಸಂಗತಿಗಳನ್ನು, ಅಂದರೆ ತುಪ್ಪಳ, ಮೂತಿ, ತೂಕ, ಕಾಲಿನ ಕಸುವು, ಬರಬಹುದಾದ ಕಾಯಿಲೆ ಇವನ್ನು ತಳಿ ಸಾಕಷ್ಟು ನಂಬಿಕೆಯಿಂದ ಹೇಳುತ್ತದೆ. ಅದೇ ಅಧ್ಯಯನದಲ್ಲೂ ಮನುಷ್ಯನ ಮಾತಿಗೆ ಓಗೊಡುವಂಥ ಕಸುಬಿನ ಗುಣಗಳಲ್ಲಿ ತಳಿಯ ಗುರುತು ಉಳಿದ ಗುಣಗಳಲ್ಲಿದ್ದಷ್ಟು ಮಸುಕಾಗಿರಲಿಲ್ಲ. ಆದರೆ ಈ ನಾಯಿ ಮಕ್ಕಳನ್ನು ಸಹಿಸುತ್ತದೆಯೇ, ಪಟಾಕಿಗೆ ನಡುಗುತ್ತದೆಯೇ, ಒಂಟಿಯಾಗಿ ಬಿಟ್ಟರೆ ಅಳುತ್ತದೆಯೇ ಎಂಬುದನ್ನು ತಳಿಯ ಹೆಸರು ಹೇಳಲಾರದು. ಅದಕ್ಕೆ ಆ ಒಂದು ನಾಯಿಯನ್ನೇ ನೋಡಬೇಕು. ಹೆಸರು ನೋಡಿ ಹೆದರುವುದಕ್ಕೂ ಇದೇ ಮಾತು ಸಲ್ಲುತ್ತದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿ ಮಾಡಿ ಸುತ್ತೋಲೆ ಹೊರಡಿಸಿತು. ಮರುತಿಂಗಳೇ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಆ ಪಟ್ಟಿಯಲ್ಲಿದ್ದ ನಾಯಿಗಳ ಬಲ ನಿಜ. ಮೊದಲ ಬಾರಿ ಸಾಕುವವರು ಅವನ್ನು ತರಬಾರದು ಎಂದೇ ನಾನು ಹೇಳುವುದು. ಆದರೆ ಪಟ್ಟಿಯ ಹೊರಗಿದ್ದ ಮಾತ್ರಕ್ಕೆ ಯಾವ ನಾಯಿಯೂ ನೆಚ್ಚಿಕೆಯದಾಗುವುದಿಲ್ಲ.

ಮರಿಯನ್ನೇ ತರುವುದಾದರೆ ತಾಯಿಯನ್ನು ನೋಡದೆ ತರಬೇಡಿ. ತಾಯಿ ಬೆದರುಗುಳಿಯಾದರೆ ಮರಿಗೂ ಆ ಅಂಜಿಕೆ ಇಳಿಯಬಹುದು. ಮೂರನೇ ವಾರದಿಂದ ಹನ್ನೆರಡನೇ ವಾರದವರೆಗಿನ ದಿನಗಳಲ್ಲಿ ಮರಿ ಯಾರನ್ನು, ಏನನ್ನು ಕಂಡಿತು ಎಂಬುದು ಅದರ ಬಾಳನ್ನೇ ರೂಪಿಸುತ್ತದೆ. 2017ರ ಕೇಂದ್ರದ ನಿಯಮದ ಪ್ರಕಾರ ಮರಿ ಮಾಡಿ ಮಾರುವವರು ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಾಯಿಯನ್ನು ತೋರಿಸಲು ಒಪ್ಪದೆ, ಮರಿಯನ್ನು ಬುಟ್ಟಿಯಲ್ಲಿಟ್ಟು ಯಾವುದೋ ಬಸ್ ನಿಲ್ದಾಣದ ಬಳಿ ಕೈಗಿಡುತ್ತೇನೆ ಎನ್ನುವವರಿಂದ ಕೊಂಡರೆ, ಎಲ್ಲೋ ಕತ್ತಲ ಶೆಡ್ಡಿನಲ್ಲಿ ಆ ತಾಯಿಯನ್ನು ಮತ್ತೆ ಬಸಿರು ಮಾಡಿಸಲು ನಾವೇ ಹಣ ಕೊಟ್ಟಂತೆ.

ನಮ್ಮ ಮನೆಯ ಕೆಂಪಿ ಕಂತ್ರಿ ನಾಯಿ. ಮೂರು ವರ್ಷ ತುಂಬಿದ ಮೇಲೆ ನಾಯಿಗಳಿಗೆ ಆಸರೆ ಕೊಡುವ ಜಾಗವೊಂದರಿಂದ ತಂದದ್ದು. ತರುವ ಮೊದಲು ನಾನೂ ನನ್ನ ಹೆಂಡತಿಯೂ ಮೂರು ಭಾನುವಾರ ಅಲ್ಲಿಗೆ ಹೋಗಿ ಸುಮ್ಮನೆ ಕುಳಿತು ಬಂದಿದ್ದೆವು. ಹಾರಿ ಹಾರಿ ಮೈಮೇಲೆ ಬಂದ ನಾಯಿಗಳೇ ಹೆಚ್ಚು. ಕೆಂಪಿ ಮಾತ್ರ ಎರಡು ಮಾರು ದೂರದಲ್ಲಿ ಕಾಲು ಮಡಚಿ ಮಲಗಿ ನಮ್ಮನ್ನೇ ನೋಡುತ್ತಿತ್ತು. ಮೂರನೇ ವಾರ ಎದ್ದು ಬಂದು ಹೆಂಡತಿಯ ಚಪ್ಪಲಿಯ ಮೇಲೆ ಗದ್ದ ಇಟ್ಟು ಮಲಗಿತು. ಹೆಂಡತಿಗೆ ಮಂಡಿ ನೋವು. ಎಳೆಯುವ ನಾಯಿಯನ್ನು ಹಿಡಿಯಲಾರಳು. ನಾನು ಮನೆಯಲ್ಲೇ ಕುಳಿತು ಬರೆಯುವವನು. ಬೆಳಿಗ್ಗೆ, ಸಂಜೆ ಮುಕ್ಕಾಲು ಗಂಟೆ ನಡೆಯುವುದು ನನ್ನಿಂದಾಗುತ್ತದೆ, ಅದಕ್ಕಿಂತ ಹೆಚ್ಚು ಆಗದು. ಕೆಂಪಿಗೆ ಅಷ್ಟು ಸಾಕು. ಬಿಸಿಲಿನಲ್ಲಿ ಬಾಲ್ಕನಿಯ ನೆರಳು ಹುಡುಕಿ ಮಲಗುತ್ತದೆ, ಕುಕ್ಕರ್ ಮೂರನೇ ಸೀಟಿ ಹೊಡೆದರೆ ಎದ್ದು ಅಡುಗೆಮನೆಯ ಹೊಸ್ತಿಲಿಗೆ ಬರುತ್ತದೆ. ಈ ನೆಲದಲ್ಲಿ ಸಾವಿರಾರು ವರ್ಷ ಯಾರೂ ಆರಿಸದೆ, ಹವೆ, ಹಸಿವು, ರೋಗಗಳೇ ಆರಿಸಿ ಉಳಿಸಿದ ಮೈ ಅದರದು. ದೊಡ್ಡ ನಗರದ ಬಹುಪಾಲು ಮಧ್ಯಮವರ್ಗದ ಮನೆಗಳಿಗೆ ಇಂಥ, ಸ್ವಭಾವ ಗೊತ್ತಾದ, ಬೆಳೆದ ನಾಟಿ ನಾಯಿಯೇ ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಎಲ್ಲ ನಾಟಿ ನಾಯಿಯೂ ಒಗ್ಗುತ್ತದೆ ಎನ್ನಲಾರೆ. ಬೀದಿಯಲ್ಲೇ ಬೆಳೆದು, ಆ ಬೀದಿಯೇ ತನ್ನದೆಂದು ನಂಬಿದ ನಾಯಿಗೆ ನಾಲ್ಕು ಗೋಡೆ ಸೆರೆಯಾಗಬಹುದು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಸಾಕು, ಬೊಗಳುವುದು ನಿಲ್ಲದಿರಬಹುದು. ಉಣುಗಿನ ಜ್ವರ ನಾಟಿಯನ್ನೂ ಬಿಡದು. ಲಸಿಕೆ ಬೀಳದ ಬೀದಿ ಮರಿಗೆ ಪಾರ್ವೊ ರೋಗ ತಗುಲಿದರೆ ಉಳಿಸಿಕೊಳ್ಳುವುದೇ ಕಷ್ಟ. ಇಲ್ಲೂ ನೋಡಿ, ಕುಳಿತು, ಕಾದು ಆರಿಸಬೇಕು.

ಮಕ್ಕಳು ಕೇಳಿದರೆಂದು ನಾಯಿ ತರುವವರಿಗೆ ಒಂದು ಲೆಕ್ಕ ಹೇಳಬೇಕು. ಎಂಟು ವರ್ಷದ ಮಗಳ ಹುಟ್ಟುಹಬ್ಬಕ್ಕೆ ಮರಿ ಬಂತೆನ್ನಿ. ಅವಳು ಪಿಯುಸಿ ಓದುವ ಹೊತ್ತಿಗೆ ನಾಯಿಗೆ ಒಂಬತ್ತು. ಅವಳು ಹಾಸ್ಟೆಲಿಗೆ ಹೋದ ಮೇಲೆ ನಾಯಿಗೆ ಮುಪ್ಪು. ಆಗ ಜೂನ್ ತಿಂಗಳ ಮಳೆಯಲ್ಲಿ ಬೆಳಿಗ್ಗೆ ಆರಕ್ಕೆ ಅದರ ಬೆಲ್ಟು ಹಿಡಿಯುವವರು ಅಪ್ಪ, ಅಮ್ಮ. ಲಿಫ್ಟ್ ಕೆಟ್ಟ ದಿನ ಮೂವತ್ತು ಕಿಲೋ ತೂಗುವ, ಹಿಂಗಾಲು ಸೋತ ನಾಯಿಯನ್ನು ಹೊತ್ತು ಇಳಿಸಬೇಕಾದ ಅಪ್ಪನಿಗೆ ಆಗ ಐವತ್ತೆರಡೋ ಐವತ್ತೈದೋ. ನಾಯಿಯನ್ನು ಆರಿಸುವ ದಿನ ಮಗುವಿನ ಕಣ್ಣಿನ ಹೊಳಪಿನ ಜೊತೆ ಅಪ್ಪನ ಸೊಂಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆರನೇ ಮಹಡಿಯ ಹಸ್ಕಿಯನ್ನು ಆ ಮನೆಯವರು ಅದೇ ವರ್ಷದ ಮಳೆಗಾಲದಲ್ಲಿ ಕೊಡಗಿನ ಪರಿಚಯದವರೊಬ್ಬರ ತೋಟಕ್ಕೆ ಕೊಟ್ಟರು. ಕಾರಿನ ಹಿಂದಿನ ಸೀಟಿನಲ್ಲಿ ಅದು ಕಿಟಕಿಗೆ ಮೂತಿ ಒತ್ತಿ ನಿಂತಿತ್ತು. ಅಜ್ಜಿ ಕೆಳಗಿಳಿದು ಬರಲಿಲ್ಲ. ಬಾಲ್ಕನಿಯಲ್ಲೇ ನಿಂತು ನೋಡಿದರು. ಅದರ ಚೊಂಬು ಇನ್ನೂ ಬಚ್ಚಲಲ್ಲೇ ಇದೆ ಎಂದು ಮೊನ್ನೆ ಸಿಕ್ಕಾಗ ಹೇಳಿದರು.

ಹೋದ ತಿಂಗಳು ಮೈಸೂರಿನಿಂದ ಅಕ್ಕನ ಮಗಳು ಫೋನ್ ಮಾಡಿದ್ದಳು. "ಮಾಮ, ಬೀಗಲ್ ತರೋಣ ಅಂತಿದೀವಿ, ನೀನೇನ್ ಹೇಳ್ತೀಯ?" ನಾನು ಬೀಗಲ್ ವಿಷಯ ಎತ್ತಲಿಲ್ಲ. "ಮಧ್ಯಾಹ್ನ ಎರಡು ಗಂಟೆಗೆ ನಿಮ್ಮನೇಲಿ ಯಾರಿರ್ತಾರೆ?" ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಚೆಯಿಂದ ಗಂಡನಿಗೆ ಅದೇ ಪ್ರಶ್ನೆ ಕೇಳಿದ್ದು ಕೇಳಿಸಿತು. "ಯಾರೂ ಇರಲ್ಲ ಮಾಮ" ಎಂದಳು. ಆಮೇಲೆ, ಅತ್ತೆ ಮುಂದಿನ ವರ್ಷ ರಿಟೈರ್ ಆಗುತ್ತಾರೆ, ಅವರಿಗೂ ನಾಯಿ ಎಂದರೆ ಇಷ್ಟ, ಅಲ್ಲಿಯವರೆಗೆ ಕಾಯುತ್ತೇವೆ, ಆಮೇಲೆ ಅವರನ್ನೇ ಕರೆದುಕೊಂಡು ಹೋಗಿ ನೋಡುತ್ತೇವೆ ಎಂದು ಹೇಳಿ ಫೋನ್ ಇಟ್ಟಳು.